ಲೆಂಪಿಯ ಎಡಗೈ ಹೆಣಿಗೆ

ಕ್ಯಾರೆಟ್ ಹಾಕಿದ ಪಾಸ್ಟಿಯನ್ನು ನಾನು ಪಾಸ್ಟಿ ಅಂತ ಒಪ್ಪುವವಳಲ್ಲ. ನನ್ನನ್ನು ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಬಂದ ಜನಕ್ಕೆ ಕ್ಯಾರೆಟ್ ಪಾಸ್ಟಿ ಬಡಿಸಿದರೆ ಪೆಟ್ಟಿಗೆಯಿಂದ ಎದ್ದು ಬಂದು ಬೈದು ಹೋಗ್ತೀನಿ ಅಂತ ಮಕ್ಕಳಿಗೆ ಹೇಳಿಟ್ಟಿದ್ದೇನೆ. ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಹಳದಿ ಗೆಡ್ಡೆ, ಒಂದಿಷ್ಟು ಕರಿಮೆಣಸು. ಇಷ್ಟನ್ನು ಲಟ್ಟಿಸಿದ ಹಿಟ್ಟಿನ ಮೇಲೆ ಇಟ್ಟು, ಅರ್ಧಚಂದ್ರದ ಹಾಗೆ ಮಡಿಚಿ, ಅಂಚು ಹೆಣೆದು, ಒಲೆಗೆ ತಳ್ಳಿದರೆ ಮುಗಿಯಿತು. ತಾಮ್ರದ ಗಣಿಗೆ ಇಳಿಯುತ್ತಿದ್ದ ನಮ್ಮ ತಾತಂದಿರು ಕಾರ್ನ್‌ವಾಲ್‌ನಿಂದ ತಂದ ಊಟ ಅದು. ಆಮೇಲೆ ಬಂದ ಫಿನ್‌ಲೆಂಡಿನವರು ನಮ್ಮಿಂದಲೇ ಕಲಿತು, ಅದಕ್ಕೆ ಕ್ಯಾರೆಟ್ ತುರುಕಿ, ಈಗ ಪಾಸ್ಟಿ ತಮ್ಮದೇ ಅನ್ನುತ್ತಾರೆ. ಎಂಥಾ ಜನ ನೋಡಿ!

ಲೆಂಪಿ ಹೈಕ್ಕಿನೆನ್ ಆ ಫಿನ್‌ಲೆಂಡಿನವರ ಪೈಕಿ. ಶಾಲೆಯ ಅಡುಗೆಮನೆಯಲ್ಲಿ ಒಟ್ಟಿಗೆ ದುಡಿದಷ್ಟು ಕಾಲವೂ ನಾವಿಬ್ಬರು ಕ್ಯಾರೆಟ್ ವಿಷಯಕ್ಕೆ ಕಚ್ಚಾಡಿದ್ದೇವೆ. ಅವಳು ಹೋದ ವರ್ಷ ಹಿಮ ಕರಗುವ ಕಾಲಕ್ಕೆ ತೀರಿಕೊಂಡಳು. ಅವಳ ಮಣ್ಣಿನ ದಿನ ನೆಲಮಾಳಿಗೆಯಲ್ಲಿ ಬಡಿಸಿದ್ದು ಕ್ಯಾರೆಟ್ ಪಾಸ್ಟಿಯೇ. ಬಾಯಿ ಮುಚ್ಚಿಕೊಂಡು ತಿಂದೆ. ತಟ್ಟೆ ಖಾಲಿಯಾದ ಮೇಲೆ ಇನ್ನೊಂದು ಕೇಳಿದೆ.

ಅಡುಗೆಮನೆಯಲ್ಲಿ ಒಲೆಯ ಕಡೆ ನಾನು, ಗಲ್ಲಾದ ಕಡೆ ಲೆಂಪಿ. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಬಂದರೆ ನಾನು ಬಡಿಸುತ್ತಿದ್ದೆ. ಸಾಲಿನ ಕೊನೆಯಲ್ಲಿ ಕೂತ ಅವಳು ಅವರವರ ಖಾತೆಯಿಂದ ಊಟದ ದುಡ್ಡು ಮುರಿದುಕೊಳ್ಳುತ್ತಿದ್ದಳು. ಈಗ ನಮ್ಮ ಮಿಷಿಗನ್ನಿನಲ್ಲಿ ಶಾಲೆಯ ಮಕ್ಕಳಿಗೆಲ್ಲ ಊಟ ಪುಕ್ಕಟೆ. ಆಗ ಹಾಗಿರಲಿಲ್ಲ. ಖಾತೆಯಲ್ಲಿ ಬಾಕಿ ಬೆಳೆದು ಒಂದು ಗೆರೆ ದಾಟಿದರೆ ಆ ಮಗುವಿನ ಕೈಯಿಂದ ಬಿಸಿ ಊಟದ ತಟ್ಟೆ ತೆಗೆದುಕೊಂಡು, ಅದರ ಬದಲು ಒಂದು ಪೊಟ್ಟಣ ಕೊಡಬೇಕಿತ್ತು. ಎರಡು ಬ್ರೆಡ್ಡು, ನಡುವೆ ಒಂದು ಚೀಸ್ ಹಾಳೆ, ಫ್ರಿಜ್ಜಿನ ತಣ್ಣಗೆ. ತೆಗೆದುಕೊಂಡ ತಟ್ಟೆಯನ್ನು ಏನು ಮಾಡಬೇಕು? ಬಡಿಸಿದ್ದನ್ನು ವಾಪಸ್ ಪಾತ್ರೆಗೆ ಹಾಕುವ ಹಾಗಿಲ್ಲ. ಕಸದ ಡಬ್ಬಿಗೆ. ಮಗುವಿನ ಕಣ್ಣೆದುರಿಗೇ. ನಾನು ಬೇಯಿಸಿದ ಊಟ! ಯಾವ ಪುಣ್ಯಾತ್ಮ ಈ ಕಾನೂನು ಬರೆದನೋ, ಅವನ ತಟ್ಟೆಯನ್ನು ಒಂದು ದಿನ ಹೀಗೆ ಕಿತ್ತುಕೊಳ್ಳಬೇಕಿತ್ತು.

ಬಡವರ ಮಕ್ಕಳಿಗೆ ಪುಕ್ಕಟೆ ಊಟ ಆಗಲೂ ಇತ್ತು. ತಂದೆಯೋ ತಾಯಿಯೋ ಒಂದು ಅರ್ಜಿಗೆ ಸಹಿ ಹಾಕಿದರೆ ಸಾಕಿತ್ತು. ಆದರೆ ನಮ್ಮೂರಿನವರು ಹಾಕಬೇಕಲ್ಲ! ನಮ್ಮೂರಿನ ಜಂಬ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಜಾತಿಯದ್ದು. ಕೊಟ್ಟಿಗೆಗೆ ಬೆಂಕಿ ಬಿದ್ದರೆ ಕರೆಯದೆಯೇ ಊರೆಲ್ಲ ಬಂದು ಕಟ್ಟಿಕೊಡುತ್ತದೆ, ಅದು ಸರಿ. ಒಂದು ಕಾಗದದ ಮೇಲೆ 'ನಮ್ಮಲ್ಲಿ ಇಲ್ಲ' ಅಂತ ಬರೆಯುವುದು ಮಾತ್ರ ಮೂಗು ಕೊಯ್ಸಿಕೊಂಡ ಹಾಗೆ. ಸಾಲ ಇದ್ದರೂ ಇರಲಿ, ಸಹಿ ಬೇಡ. ಈ ದಡ್ಡತನದಲ್ಲಿ ಲೆಂಪಿಯೇ ಮುಂದಿನ ಸಾಲಿನವಳು.

ಅವಳ ಗಂಡ ಆರ್ವೊ ಗಣಿಯಲ್ಲಿದ್ದ. ಗಣಿ ಮುಚ್ಚಿತು. ಒಬ್ಬಳೇ ಮಗಳು ಹೈಡಿ, ಆಗ ಶಾಲೆಗೆ ಹೋಗುತ್ತಿದ್ದಳು. ಲೆಂಪಿ ಇನ್ನೂ ಈ ಕೆಲಸಕ್ಕೆ ಸೇರಿರಲಿಲ್ಲ, ಹೊಲಿಗೆ ಹೊಲಿದು ಮನೆ ನಡೆಸುತ್ತಿದ್ದಳು. ಅರ್ಜಿಗೆ ಸಹಿ ಹಾಕೋಣ ಅಂತ ಆರ್ವೊ ಎಷ್ಟು ಹೇಳಿದರೂ ಇವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆ ಚಳಿಗಾಲ ಪೂರ್ತಿ ಹೈಡಿ ಗೋಡೆ ಪಕ್ಕದ ಮೇಜಿನಲ್ಲಿ ಕೂತು ಚೀಸ್ ಬ್ರೆಡ್ಡು ತಿಂದಳು. ನಾನೇ ಕೊಟ್ಟಿದ್ದೇನೆ, ನನ್ನ ಕೈಯಾರೆ. ಆ ಹುಡುಗಿ ಅಳುತ್ತಿರಲಿಲ್ಲ. ಗಟ್ಟಿ ಪಿಂಡ. ಬ್ರೆಡ್ಡಿನ ಅಂಚು ಹರಿದು ಹರಿದು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು.

ಹೈಡಿ ದೊಡ್ಡವಳಾಗಿ, ಅಮ್ಮನಿಗೆ ಹಿಡಿಸದ ಹುಡುಗನನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಹೋದಳು. ಆರ್ವೊ ಸತ್ತ ಮೇಲೆ ಒಂದು ದಿನ, ಬಸುರಿ, ಒಂಟಿಯಾಗಿ ಲೆಂಪಿಯ ಬಾಗಿಲಲ್ಲಿ ಬಂದು ನಿಂತಳು. ಗಂಡ ಬಿಟ್ಟುಹೋಗಿದ್ದ. ಹೊರಗೆ ಹಿಮ ಸುರಿಯುತ್ತಿತ್ತು. ಲೆಂಪಿ ಒಳಗೆ ಬಾ ಅನ್ನುವ ಮೊದಲು ಒಂದು ಮಾತು ಅಂದಳು.

"ಬೇಡ ಅಂದಾಗ ಕೇಳಿದ್ಯಾ? ಮಾಡಿದ್ದುಣ್ಣು."

ಹೈಡಿ ತಿರುಗಿ ಹೋದವಳು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನೆಲ್ಲ ಲೆಂಪಿಯೇ ನನಗೆ ಹೇಳಿದ್ದು, ಒಂದು ಸಲ, ಈರುಳ್ಳಿ ಹೆಚ್ಚುತ್ತಾ. "ಅವಳಿಗೆ ಬೈದ್ಮೇಲೆ ಕಾಫಿಗಿಡೋಣ ಅಂತಿದ್ದೆ ಕಣೇ ನಾರ್ಮಾ. ತಿರುಗಿ ನೋಡಿದ್ರೆ ಇಲ್ಲ. ಹೆಜ್ಜೆ ಮಾತ್ರ ಇತ್ತು" ಅಂದಳು. ಈರುಳ್ಳಿ ಮುಗಿದ ಮೇಲೂ ಮೂಗು ಒರೆಸಿಕೊಳ್ಳುತ್ತಿದ್ದಳು.

ಆಮೇಲೆ ಹೆಣ್ಣು ಮಗು ಆಯಿತಂತೆ ಅಂತ ಯಾರೋ ಹೇಳಿದರು, ಅಷ್ಟೆ. ನಮ್ಮ ಕಡೆ ಫಿನ್‌ಲೆಂಡಿನವರ ಮನೆಗಳಲ್ಲಿ ಅಜ್ಜಿಗೆ ಮುಮ್ಮು ಅಂತಾರೆ. ಲೆಂಪಿಯ ವಯಸ್ಸಿನ ಹೆಂಗಸರೆಲ್ಲ ಮುಮ್ಮು ಆಗಿ, ಮೊಮ್ಮಕ್ಕಳ ಫೋಟೊ ಪರ್ಸಿನಲ್ಲಿಟ್ಟುಕೊಂಡು ಕಂಡಕಂಡವರಿಗೆ ತೋರಿಸುತ್ತಿದ್ದರು. ಇವಳ ಪರ್ಸಿನಲ್ಲಿ ಏನಿತ್ತು ಮಣ್ಣು! ಆದರೂ ಪಟ್ಟಣಕ್ಕೆ ಹೋದಾಗ ಒಂದು ಪುಟ್ಟ ಮರದ ಬಕೆಟ್ಟು ತಂದಿಟ್ಟುಕೊಂಡಿದ್ದಳು. ಶನಿವಾರ ಸಂಜೆ ಹಿತ್ತಲಿನ ಸೌನಾ ಕಾಯಿಸಿ, ಬಿಸಿ ಕಲ್ಲಿಗೆ ನೀರು ಹಾಕಿ ಉಗಿಯಲ್ಲಿ ಕೂರುವುದು ಅವರ ಪದ್ಧತಿ. ತನ್ನ ಬಕೆಟ್ಟಿನ ಪಕ್ಕ ಆ ಪುಟ್ಟದ್ದನ್ನೂ ತುಂಬಿ ಇಡುತ್ತಿದ್ದಳು. ಒಂದು ಸಲ ನನ್ನನ್ನು ಕರೆದಾಗ ಕಣ್ಣಾರೆ ಕಂಡೆ. "ಯಾರಿಗೇ ಇದು?" ಅಂದೆ. "ಬಿಡೇ, ಮರ ಒಣಗಿದ್ರೆ ಸೀಳತ್ತೆ, ಅದಕ್ಕೆ ನೀರು ಹಾಕಿಡ್ತೀನಿ" ಅಂದಳು. ನನ್ನ ಹತ್ತಿರ ಸುಳ್ಳು!

ಇಷ್ಟು ಆಗಿ ಮಗುವಿಗೆ ಶಾಲೆಯ ವಯಸ್ಸಾದಾಗ ಹೈಡಿ ಊರಿಗೆ ವಾಪಸ್ ಬಂದಳು. ಹೊಳೆಯಾಚೆ ಒಂದು ತಗಡಿನ ಮನೆ ಹಿಡಿದು, ಹೆದ್ದಾರಿಯ ಲಾಡ್ಜಿನಲ್ಲಿ ಕೋಣೆ ಗುಡಿಸುವ ಕೆಲಸಕ್ಕೆ ಸೇರಿದಳು. ಬಂದ ವಾರವೇ ಅಂಗಡಿಯಲ್ಲಿ ನನ್ನನ್ನು ಹಿಡಿದಳು.

"ನಾರ್ಮಾ ಆಂಟಿ, ನನ್ನ ಮಗಳು ನಿಮ್ಮ ಸ್ಕೂಲಿಗೇ ಬರ್ತಾಳೆ, ಬೇರೆ ಸ್ಕೂಲಿಲ್ಲ. ನಮ್ಮಮ್ಮನಿಗೆ ಹೇಳಿಬಿಡಿ. ತಾನು ಯಾರು ಅಂತ ಅವಳಿಗೆ ಒಂದು ಮಾತು ಹೇಳಿದ್ರೂ ಆ ದಿನಾನೇ ಗಂಟುಮೂಟೆ ಕಟ್ಟಿ ಊರು ಬಿಡ್ತೀನಿ."

"ಅಲ್ವೇ ಹೈಡಿ, ಎಷ್ಟಾದ್ರೂ..."

"ಆಂಟಿ. ಹೇಳಿಬಿಡಿ, ಅಷ್ಟೆ."

ಹೇಳಿದೆ. ಲೆಂಪಿ ತಲೆ ಆಡಿಸಿದಳು. ಮಾರನೆಯ ದಿನ ಕೂದಲು ಸುರುಳಿ ಮಾಡಿಸಿಕೊಂಡು, ಚರ್ಚಿಗೆ ಹಾಕುವ ನೀಲಿ ಸ್ವೆಟರ್ ಹಾಕಿಕೊಂಡು ಗಲ್ಲಾದಲ್ಲಿ ಕೂತಳು. ಸಾಲಿನಲ್ಲಿ ಆ ಹುಡುಗಿ ಬಂದಳು. ಬ್ರಿಟ ಅಂತ ಹೆಸರು. ಮುಂದಿನ ಎರಡು ಹಲ್ಲಿಲ್ಲ, ಬೂಟಿನ ದಾರ ಬಿಚ್ಚಿಹೋಗಿದೆ, ಗದ್ದ ಮಾತ್ರ ಆರ್ವೊನ ಗದ್ದವೇ. ಚಮಚ ಎತ್ತಿಕೊಂಡದ್ದು ಎಡಗೈಯಲ್ಲಿ.

ಲೆಂಪಿಯೂ ಎಡಚಿ. ಹೈಡಿಯೂ ಎಡಚಿ.

"ಹೆಸರು?" ಅಂತ ಕೇಳಿದಳು ಲೆಂಪಿ. ಹೆಸರು ಎದುರಿನ ಪರದೆಯ ಮೇಲೇ ಇತ್ತು. ಬಾಯಿಂದ ಕೇಳಬೇಕಿತ್ತು ಅವಳಿಗೆ.

"ಬ್ರಿಟ. ನಿಮ್ಮದು?"

"ಲೆಂಪಿ."

"ಮಿಸ್ ಲೆಂಪಿ, ನಿಮ್ಮ ಸ್ವೆಟರ್ ಚೆನ್ನಾಗಿದೆ."

ಆ ಸ್ವೆಟರ್ ಆಮೇಲೆ ಮೊಣಕೈ ಸವೆಯುವ ತನಕ ಅವಳ ಮೈಮೇಲಿಂದ ಇಳಿಯಲಿಲ್ಲ. ಮಾತು ದಿನಕ್ಕೆ ಇಷ್ಟೇ. ಹಿಂದೆ ಸಾಲು ಇರುತ್ತಿತ್ತಲ್ಲ, ನಿಲ್ಲಿಸಿಕೊಂಡು ಹರಟುವ ಹಾಗಿಲ್ಲ. ಹಲ್ಲು ಬಂತಾ, ಜಾರುಬಂಡಿಗೆ ಹೋಗಿದ್ಯಾ, ಟೋಪಿ ಎಲ್ಲಿ. ಉಳಿದ ಹೊತ್ತೆಲ್ಲ ಆ ಹುಡುಗಿ ತಿನ್ನುವುದನ್ನು ದೂರದಿಂದ ನೋಡುವುದು. ಒಂದೊಂದು ಸಲ ಮಕ್ಕಳು ದುಡ್ಡು ಹಿಡಿದು ಎದುರಿಗೆ ನಿಂತಿದ್ದರೂ ಇವಳಿಗೆ ಪರಿವೆ ಇರುತ್ತಿರಲಿಲ್ಲ. "ಏ ಲೆಂಪಿ, ಸಾಲು ಹೊಳೆಯಾಚೆ ಮುಟ್ಟಿದೆ!" ಅಂತ ನಾನು ಒಲೆಯ ಕಡೆಯಿಂದ ಕೂಗುತ್ತಿದ್ದೆ. ಒಂದು ದಿನ ನನ್ನ ಹತ್ತಿರ ಬಂದು, "ಅವಳು ನಿನ್ನನ್ನ ಏನಂತ ಕರೀತಾಳೆ?" ಅಂದಳು. "ಮಿಸ್ ನಾರ್ಮಾ ಅಂತ." "ನನ್ನೂ ಮಿಸ್ ಲೆಂಪಿ ಅಂತಾಳೆ" ಅಂದಳು. ಆಮೇಲೆ ತುಂಬಾ ಹೊತ್ತು ಒಂದೇ ತಟ್ಟೆಯನ್ನು ಒರೆಸುತ್ತಾ ನಿಂತಿದ್ದಳು. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಪದ. ಊರಿನ ಪ್ರತಿ ಮನೆಯಲ್ಲೂ ದಿನಕ್ಕೆ ನೂರು ಸಲ ಪುಕ್ಕಟೆ ಸಿಗುವಂಥದ್ದು.

ಚಳಿಗಾಲಕ್ಕೆ ಲಾಡ್ಜಿಗೆ ಜನ ಕಡಿಮೆಯಾದರು. ಹೈಡಿಯ ಕೆಲಸವೂ ಅರ್ಧಕ್ಕೆ ಇಳಿಯಿತು. ಬ್ರಿಟಳ ಖಾತೆಯಲ್ಲಿ ಬಾಕಿ ಬೆಳೆಯಿತು. ಶಾಲೆಯಿಂದ ಮನೆಗೆ ಅರ್ಜಿ ಹೋಯಿತು, ಸಹಿ ಇಲ್ಲದೆ ವಾಪಸ್ ಬಂತು. ಇನ್ನೊಂದು ಹೋಯಿತು, ಅದೂ ಹಾಗೇ ಬಂತು. ತಾಯಿಯಂತೆ ಮಗಳು ಅನ್ನುವುದು ಸುಮ್ಮನೆ ಅಲ್ಲ.

"ನಾನೇ ಕಟ್ಟಿಬಿಡ್ತೀನಿ" ಅಂದಳು ಲೆಂಪಿ.

"ಕಟ್ಟೇ. ಬಾಕಿ ತೀರಿದ್ದು ನಿನ್ನ ಮಗಳಿಗೆ ಗೊತ್ತಾಗಲ್ವಾ? ಯಾರು ಕಟ್ಟಿದ್ರು ಅಂತ ಕೇಳಲ್ವಾ? ಗಂಟು ಕಟ್ಟಿ ಹೋದ್ರೆ ಯಾರ ಮುಖ ನೋಡ್ತೀಯ?" ಅಂದೆ. ತೆಗೆದ ಪರ್ಸನ್ನು ವಾಪಸ್ ಚೀಲಕ್ಕೆ ಹಾಕಿದಳು.

ಕೊನೆಗೆ ಆ ದಿನ ಬಂದೇ ಬಂತು. ಬ್ರಿಟ ತಟ್ಟೆ ಹಿಡಿದು ಗಲ್ಲಾದ ಮುಂದೆ ನಿಂತಿದ್ದಾಳೆ. ನನಗೆ ನೆನಪಿದೆ, ಅವತ್ತು ಕೋಳಿ ಸಾರು, ಮೇಲೆ ಹಬೆ. ಪರದೆಯ ಮೇಲೆ ಕೆಂಪು ಗೆರೆ. ನಮ್ಮ ಹೆಡ್‌ಮಾಸ್ಟರು ಬಾಗಿಲಲ್ಲೇ ಕೈ ಕಟ್ಟಿ ನಿಂತಿದ್ದರು. ಲೆಂಪಿ ತಟ್ಟೆ ತೆಗೆದುಕೊಂಡಳು. ಬ್ರಿಟಳ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಚೀಸ್ ಪೊಟ್ಟಣಕ್ಕೆ ಅಂತ ಬಗ್ಗಿದ ಲೆಂಪಿ ಪೊಟ್ಟಣ ಎತ್ತಲಿಲ್ಲ. ಕಾಲ ಬುಡದಲ್ಲಿದ್ದ ತನ್ನ ಚೀಲದಿಂದ ತನ್ನ ಊಟ ಎತ್ತಿದಳು. ಬಟ್ಟೆಯಲ್ಲಿ ಸುತ್ತಿದ ಪಾಸ್ಟಿ, ಇನ್ನೂ ಬೆಚ್ಚಗಿತ್ತು.

"ಇವತ್ತು ನಂಗೆ ಹಸಿವಿಲ್ಲ. ನೀನು ತಿಂದ್ಬಿಡ್ತೀಯಾ, ಪುಟ್ಟಿ? ಇಲ್ದಿದ್ರೆ ಹಾಳಾಗತ್ತೆ."

ಹೆಡ್‌ಮಾಸ್ಟರು ಬಾಯಿ ತೆರೆದರು. ನಾನು ದೊಡ್ಡ ಸೌಟು ಹಿಡಿದು ಅವರ ಕಡೆ ತಿರುಗಿದೆ. "ಏನ್ಸಾರ್, ಅದು ಸ್ಕೂಲಿನ ಊಟ ಅಲ್ಲ, ಅವಳ ಮನೇದು. ಯಾವ ಕಾನೂನು ಮುರೀತು ಹೇಳಿ ನೋಡೋಣ?" ಅವರು ಗಡಿಯಾರ ನೋಡಿಕೊಂಡು ಹೊರಗೆ ಹೋದರು. ಕೆಟ್ಟವರಲ್ಲ ಪಾಪ, ಹೆದರುಪುಕ್ಕಲರು ಅಷ್ಟೆ.

ಅವತ್ತಿನಿಂದ ಲೆಂಪಿಗೆ ದಿನಾ 'ಹಸಿವಿಲ್ಲ'. ಬೆಳಗ್ಗೆ ಬೇಗ ಎದ್ದು ಪಾಸ್ಟಿ ಬೇಯಿಸಿ, ಕೋಟಿನೊಳಗೆ ಇಟ್ಟುಕೊಂಡು ತರುವಳು. ಮಧ್ಯಾಹ್ನ ತಾನು ಕಾಫಿ ಕುಡಿದು ಕೂರುವಳು. ನಾನು ಬೈದು ಬೈದು ಏನಾದರೂ ತಿನ್ನಿಸುತ್ತಿದ್ದೆ. "ಕ್ಯಾರೆಟ್ ಹಾಕ್ತೀಯಲ್ಲೇ ಆ ಎಳೇ ಕೂಸಿಗೆ, ಪಾಪ ಸುತ್ಕೊಳತ್ತೆ ನಿನಗೆ" ಅಂತಿದ್ದೆ. "ಅವಳು ಕ್ಯಾರೆಟ್ಟೇ ಮೊದ್ಲು ಆರಿಸಿ ತಿಂತಾಳೆ ಗೊತ್ತಾ" ಅಂತ ಹೆಮ್ಮೆಯಿಂದ ಹೇಳುವಳು. ಆ ದಿನಗಳಲ್ಲಿ ಅವಳ ಮುಖ ನೋಡಬೇಕಿತ್ತು.

ಆದರೆ ಒಂದು ಸಂಗತಿ ನಾವಿಬ್ಬರೂ ಮರೆತಿದ್ದೆವು. ಬೇರೆ ಊರಿನವರಾಗಿದ್ದರೆ ಇದರಿಂದ ಏನೂ ಆಗುತ್ತಿರಲಿಲ್ಲ. ನಮ್ಮೂರಲ್ಲಿ ಪಾಸ್ಟಿಯ ಅಂಚು ನೋಡಿದರೆ ಸಾಕು, ಯಾರ ಕೈಯದ್ದು ಅಂತ ಹೇಳುತ್ತಾರೆ. ಬಲಗೈಯವರ ಹೆಣಿಗೆ ಒಂದು ಕಡೆ ವಾಲುತ್ತದೆ, ಎಡಗೈಯವರದ್ದು ಇನ್ನೊಂದು ಕಡೆ. ನಮ್ಮ ಹಳಬರು ಬಲಗೈಯದ್ದನ್ನು ಹೇಂಟೆ, ಎಡಗೈಯದ್ದನ್ನು ಹುಂಜ ಅನ್ನುತ್ತಿದ್ದರು. ಲೆಂಪಿಯ ಹುಂಜ ಇನ್ನೂ ವಿಚಿತ್ರ. ಕೊನೆಯ ತುದಿಯನ್ನು ಎರಡು ಸುತ್ತು ತಿರುಪಿ ಒಳಗೆ ಸಿಕ್ಕಿಸುತ್ತಿದ್ದಳು, ಅವಳಮ್ಮ ಕಲಿಸಿದ್ದು. ಊರಿನಲ್ಲಿ ಇನ್ಯಾರೂ ಹಾಗೆ ಮಾಡುತ್ತಿರಲಿಲ್ಲ. ಇದು ತಿಳಿಯದ ಬ್ರಿಟ, ಒಂದು ದಿನ ಅರ್ಧ ಪಾಸ್ಟಿ ಉಳಿಸಿ, ಅಮ್ಮನಿಗೆ ಇರಲಿ ಅಂತ ಚೀಲದಲ್ಲಿಟ್ಟುಕೊಂಡು ಹೋದಳು. ಹುಡುಗಿಗೆ ಅಮ್ಮನ ಮೇಲೆ ಅಷ್ಟು ಪ್ರೀತಿ.

ಮಾರನೆಯ ದಿನ ಮಕ್ಕಳ ಊಟ ಮುಗಿದು, ನಾವು ಮೇಜು ಒರೆಸುತ್ತಿದ್ದಾಗ ಹೈಡಿ ಬಂದಳು. ಲಾಡ್ಜಿನ ಸಮವಸ್ತ್ರದಲ್ಲೇ ಇದ್ದಳು, ಕೋಟಿನ ಗುಂಡಿ ಹಾಕಿರಲಿಲ್ಲ. ಕಾಗದದಲ್ಲಿ ಸುತ್ತಿದ ಅರ್ಧ ಪಾಸ್ಟಿಯನ್ನು ಗಲ್ಲಾದ ಮೇಲೆ ಇಟ್ಟಳು.

"ಇದು ಯಾರದ್ದು?"

ಲೆಂಪಿ ಬಾಯಿ ತೆರೆಯುವ ಮೊದಲೇ ನಾನೇ ಮುಂದೆ ಬಿದ್ದೆ. "ನಂದೇ ಕಣೇ. ಜಾಸ್ತಿ ತಂದಿದ್ದೆ, ಮಗುಗೆ ಕೊಟ್ಟೆ."

"ಸುಮ್ನಿರಿ ಆಂಟಿ. ನಿಮ್ಮದಾದ್ರೆ ಕ್ಯಾರೆಟ್ ಯಾಕಿದೆ?"

ಆ ಹಾಳು ಕ್ಯಾರೆಟ್ಟೇ ನನ್ನನ್ನು ಹಿಡಿದುಕೊಟ್ಟಿತು.

ಹೈಡಿ ಅಮ್ಮನ ಕಡೆ ತಿರುಗಿದಳು. ಎಷ್ಟೋ ವರ್ಷದ ಮೇಲೆ ಮೊದಲ ಸಲ ಎದುರೆದುರು ನೋಡುತ್ತಿದ್ದರು. "ನನ್ನ ಮಗಳಿಗೆ ಭಿಕ್ಷೆ ಹಾಕ್ತಿದ್ದೀಯಾ?"

"ಭಿಕ್ಷೆ ಅಲ್ಲ ಹೈಡಿ. ನನ್ನ ಊಟ."

"ನಿನ್ನ ಊಟ ನೀನೇ ಉಣ್ಣು. ನಾನು ಮಾಡಿದ್ದು ನಾನು ಉಣ್ತೀನಿ. ನೀನೇ ಅಂದಿದ್ದಲ್ವಾ?"

"ಅಮ್ಮ ತಾಯೀ," ಅಂದೆ ನಾನು, "ಆ ಅರ್ಜಿಗೆ ಒಂದು ಸಹಿ ಗೀಚೇ. ಮಗುಗೆ ದಿನಾ ಬಿಸಿ ಊಟ ಸಿಗತ್ತೆ. ಯಾರ ಹಂಗೂ ಇರಲ್ಲ."

"ಹೈಕ್ಕಿನೆನ್ ಮನೇಲಿ ಯಾರೂ ಅದಕ್ಕೆ ಸಹಿ ಹಾಕಲ್ಲ ಆಂಟಿ. ಪ್ರಾಣ ಹೋದ್ರೂ ಹಾಕಲ್ಲ. ಯಾಕೆ ಅಂತ ಇವಳನ್ನ ಕೇಳಿ. ನಂಗೆ ಕಲಿಸಿದ್ದೇ ಇವಳು."

ಲೆಂಪಿ ಗಲ್ಲಾದ ಹಿಂದಿನಿಂದ ಎದ್ದಳು. ಮೇಜು ಹಿಡಿದುಕೊಂಡೇ ಎದ್ದಳು.

"ತಪ್ಪು ಕಲಿಸಿದೆ. ನಿಮ್ಮಪ್ಪ ಹಾಕೋಣ ಅಂದ್ರು, ನಾನು ಬೇಡ ಅಂದೆ. ಆ ಚಳೀಲಿ ನೀನು ದಿನಾ ತಣ್ಣನೆ ಬ್ರೆಡ್ಡು ತಿಂದೆ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ. ಜನ ಏನಂತಾರೋ ಅಂತ ಹೆದರಿ ನಿನ್ನ ಅರೆಹೊಟ್ಟೇಲಿಟ್ಟೆ. ಅದು ಸ್ಕೂಲಿನ ತಪ್ಪಲ್ಲ, ಗಣಿಯವರದ್ದಲ್ಲ, ನಿಂದಂತೂ ಅಲ್ವೇ ಅಲ್ಲ. ನಂದು. ಬಾಗಿಲಲ್ಲಿ ಆಡಿದ್ನಲ್ಲ, ಆ ಮಾತೂ ನಂದೇ. ದಿನಾ ನೆನೆಸ್ಕೊಂಡು ಸಾಯ್ತೀನಿ. ನನ್ನ ತಪ್ಪಿಗೆ ಆ ಕೂಸನ್ನ ಯಾಕೆ ಅರೆಹೊಟ್ಟೇಲಿಡ್ತೀಯ? ಸಹಿ ಹಾಕು ಹೈಡಿ. ನಂಗೋಸ್ಕರ ಬೇಡ."

ಹೈಡಿ ಕೋಟಿನ ಗುಂಡಿ ಒಂದೊಂದಾಗಿ ಹಾಕಿಕೊಂಡಳು. ತಿರುಗಿ ಹೊರಟಳು. ಆದರೆ ಗಲ್ಲಾದ ಮೇಲಿನ ಅರ್ಧ ಪಾಸ್ಟಿಯನ್ನು ಬಿಟ್ಟುಹೋಗಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಹೋದಳು.

ಮಾರನೆಯ ದಿನ ಬ್ರಿಟ ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಲೆಂಪಿ ಕೋಟಿನೊಳಗೆ ಪಾಸ್ಟಿ ತಂದು ಹಾಗೇ ವಾಪಸ್ ಒಯ್ದಳು. ಕೆಲಸ ಮುಗಿಸಿ ಹೊಳೆಯ ಸೇತುವೆ ತನಕ ನಡೆದು ಹೋಗಿ, ಆಚೆ ದಡದ ತಗಡಿನ ಮನೆಯ ಹೊಗೆ ಕೊಳವೆ ನೋಡಿಕೊಂಡು ಬರುತ್ತಿದ್ದಳು. ಹೊಗೆ ಇದ್ದರೆ ಇನ್ನೂ ಊರಲ್ಲಿದ್ದಾರೆ. ದಾಟಿ ಹೋಗೇ ಅಂದರೆ, "ಕರೀದೆ ಹೆಂಗೆ ಹೋಗ್ಲಿ?" ಅಂದಳು. ಆಮೇಲೆ ಬ್ರಿಟ ಬಂದಳು. ನೆಗಡಿ ಆಗಿತ್ತಂತೆ. ಕೈಯಲ್ಲಿ ಮನೆಯ ಡಬ್ಬಿ. ಡಬ್ಬಿ ತಂದ ಮಕ್ಕಳು ನೇರವಾಗಿ ಮೇಜಿಗೆ ಹೋಗುತ್ತಾರೆ, ಗಲ್ಲಾದ ಕಡೆ ಬರುವ ಹಾಗಿಲ್ಲ. ಇದ್ದ ಅಷ್ಟು ಮಾತೂ ಹೋಯಿತು. ದೂರದಿಂದ ಬ್ರಿಟ ಕೈ ಬೀಸುತ್ತಿದ್ದಳು. ಲೆಂಪಿಯೂ ಬೀಸುತ್ತಿದ್ದಳು. ಅದನ್ನು ನೋಡುತ್ತಾ ನಿಲ್ಲಲಾರದೆ ನಾನು ಹಿಂದಿನ ಕೋಣೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಅದೇ ತಿಂಗಳು ಹೆಡ್‌ಮಾಸ್ಟರು ಸಭೆ ಕರೆದರು. ಶಾಲೆಯ ಮಕ್ಕಳ ಊಟದ ಬಾಕಿ ಬೆಟ್ಟದಷ್ಟಾಗಿದೆ, ಯಾರು ಹೊಣೆ ಅಂತ. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ಇತ್ತು, ಹಾಗಾಗಿ ಜನವೂ ಸೇರಿತು. ಹೆತ್ತವರ ಹೊಣೆ ಅಂದರು ಕೆಲವರು. ಸರ್ಕಾರದ್ದು ಅಂದರು ಇನ್ನು ಕೆಲವರು. ಕುಡಿಯೋಕೆ ದುಡ್ಡಿರತ್ತೆ, ಮಕ್ಕಳ ಊಟಕ್ಕಿರಲ್ವಾ ಅಂತ ಒಬ್ಬ ಅಂದ. ಅವನು ಹೆಂಡದಂಗಡಿಯವನು! ಹೆಡ್‌ಮಾಸ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಲ್ಲರಿಗೂ ಹೌದು ಹೌದು ಅಂದರು. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ಹೈಡಿ ನಿಂತಿದ್ದಳು. ಕೋಟು ತೆಗೆದಿರಲಿಲ್ಲ.

ಸಭೆಗಳಲ್ಲಿ ತುಟಿ ಪಿಟಿಕ್ ಅನ್ನದ ಲೆಂಪಿ ಎದ್ದು ನಿಂತಳು.

"ಹೊಣೆ ಯಾರದ್ದೋ ನಂಗೊತ್ತಿಲ್ಲ. ತಟ್ಟೆ ಕಿತ್ತುಕೊಳ್ಳೋ ಕೈ ಮಾತ್ರ ನಂದು. ನಾಳೆಯಿಂದ ಈ ಕೈ ಕಿತ್ತುಕೊಳ್ಳಲ್ಲ. ಕೆಲಸದಿಂದ ತೆಗೀಬೇಕು ಅಂದ್ರೆ ತೆಗೀರಿ ಸಾರ್." ಆಮೇಲೆ ದನಿ ಇಳಿಸಿದಳು. "ಹಿಂದೆ ಕೊಟ್ಟಿಗೆ ಸುಟ್ಟೋದ್ರೆ ನಮ್ಮ ಹಳಬರು ಮುಯ್ಯಾಳು ಹೋಗ್ತಿದ್ರು. ಇವತ್ತು ನಿನ್ನ ಕೊಟ್ಟಿಗೆ, ನಾಳೆ ನಂದು. ಮುಯ್ಯಾಳಿಗೆ ಬಂದವರು ಯಾರೂ ಭಿಕ್ಷೆ ಹಾಕ್ದೆ ಅನ್ನಲ್ಲ, ಕಟ್ಟಿಸ್ಕೊಂಡವರು ಭಿಕ್ಷೆ ತಗೊಂಡೆ ಅನ್ನಲ್ಲ. ಶನಿವಾರ ಇಲ್ಲಿ ಪಾಸ್ಟಿ ಹಾಕೋಣ. ಮಾರಿ ಬಂದದ್ದು ಎಲ್ಲಾ ಮಕ್ಕಳ ಬಾಕಿಗೆ, ಯಾವ ಮಗು ಅಂತ ಕೇಳೋದು ಬೇಡ. ಬಾಕಿ ಇರೋರ ಮನೆಯವರೂ ಬಂದು ಕೈ ಹಾಕಿದ್ರೆ ಅದು ಅವರ ದುಡಿಮೆ. ಯಾರೂ ಯಾರಿಗೂ ತಲೆ ತಗ್ಗಿಸ್ಬೇಕಾಗಿಲ್ಲ."

"ಕ್ಯಾರೆಟ್ ಹಾಕಬೇಕಾ ಬೇಡ್ವಾ?" ಅಂತ ಹಿಂದಿನಿಂದ ಯಾರೋ ಕೇಳಿದರು. ಸಭೆ ಘೊಳ್ಳೆಂದಿತು. ನಗು ನಿಂತು ತಿರುಗಿ ನೋಡಿದರೆ ಬಾಗಿಲ ಹತ್ತಿರ ಹೈಡಿ ಇರಲಿಲ್ಲ. ಲೆಂಪಿಯೂ ಅಲ್ಲೇ ನೋಡುತ್ತಿದ್ದಳು.

ಶನಿವಾರ ಬೆಳಗ್ಗೆ ನೆಲಮಾಳಿಗೆ ತುಂಬಿಹೋಯಿತು. ಉದ್ದ ಮೇಜುಗಳ ಮೇಲೆ ಹಿಟ್ಟು, ಮೂಲೆಯಲ್ಲಿ ಗೆಡ್ಡೆ ಹೆಚ್ಚುವ ಗಂಡಸರು, ಒಲೆಯ ಹತ್ತಿರ ನಾನು. ಅರ್ಧದಲ್ಲಿ ಕ್ಯಾರೆಟ್ ಇರಲಿ, ಅರ್ಧದಲ್ಲಿ ಬೇಡ ಅಂತ ರಾಜಿ ಆಗಿತ್ತು. ಕ್ಯಾರೆಟ್ ಮೇಜಿನ ನಡುವೆ ಲೆಂಪಿ ಕೂತಿದ್ದಳು, ಅವಳ ಎರಡೂ ಕಡೆ ಬಿಳಿ ತಲೆಯ ಮುದುಕಿಯರು. ಎಲ್ಲರದ್ದೂ ಒಂದೇ ಥರ ಏಪ್ರನ್, ಮೂಗಿನ ಮೇಲೆ ಕನ್ನಡಕ. ಲೆಂಪಿ ಕೈ ಕೆಲಸದಲ್ಲಿಟ್ಟುಕೊಂಡು ಮೆಟ್ಟಿಲ ಕಡೆಯೇ ನೋಡುತ್ತಿದ್ದಳು. ಯಾರ ಬೂಟಿನ ಸದ್ದಾದರೂ ಕತ್ತು ಎತ್ತುವಳು. ಹೊತ್ತು ಏರಿತು. ಕತ್ತು ಎತ್ತುವುದನ್ನು ಬಿಟ್ಟಳು.

ಆಗ ಹೈಡಿ ಬಂದಳು, ಹಿಂದೆ ಬ್ರಿಟ. ಯಾರನ್ನೂ ಮಾತಾಡಿಸಲಿಲ್ಲ. ಕೋಟು ತೆಗೆದು ಗೂಟಕ್ಕೆ ಹಾಕಿ, ತೋಳು ಮಡಿಚಿ, ನನ್ನ ಹತ್ತಿರದ ಮೇಜಿಗೆ ನಿಂತು ಹಿಟ್ಟು ಎಳೆದುಕೊಂಡಳು. ಅಮ್ಮನಿಗೆ ಬೆನ್ನು ಹಾಕಿಯೇ ನಿಂತದ್ದು. ಆದರೆ ಕೈ ಏನು ಮಾಡುತ್ತಿದೆ ಅಂತ ನನಗೆ ಕಾಣುತ್ತಿತ್ತಲ್ಲ. ಎಡಗೈಯಲ್ಲಿ ಹೆಣೆದು, ಕೊನೆಯ ತುದಿ ಎರಡು ಸುತ್ತು ತಿರುಪಿ ಒಳಗೆ ಸಿಕ್ಕಿಸಿದಳು. ಒಂದಾದ ಮೇಲೆ ಒಂದು, ಹುಂಜಗಳ ಸಾಲು. ನನ್ನ ಕಣ್ಣು ಮಂಜಾಯಿತು. ಒಲೆಯ ಹೊಗೆ ಅಂತ ಎಲ್ಲರಿಗೂ ಹೇಳಿದೆ.

"ಸಹಿ ಹಾಕಿ ಕೊಟ್ಟೆ ಆಂಟಿ, ನಿನ್ನೆ" ಅಂದಳು, ತಲೆ ಎತ್ತದೆ.

"ಒಳ್ಳೇದಾಯ್ತು ಮಗಳೇ."

"ಎರಡು ಸಲ ಪೆನ್ನು ಕೆಳಗಿಟ್ಟೆ."

"ಇಡ್ತಾರೆ. ಏನೀಗ?"

ಬೆಂದ ಪಾಸ್ಟಿಗಳ ಮೊದಲ ತಟ್ಟೆ ಹೊರಬಂತು. ಹೈಡಿ ತಾನು ಹೆಣೆದದ್ದರಲ್ಲಿ ಒಂದನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿದಳು. ಸುತ್ತಿದ್ದನ್ನು ಬಿಚ್ಚಿದಳು. ಮತ್ತೆ ಸುತ್ತಿದಳು. ಮಗಳನ್ನು ಕರೆದು ಕೈಯಲ್ಲಿಟ್ಟಳು.

"ಇದನ್ನ ತಗೊಂಡೋಗಿ ನಿನ್ನ ಮುಮ್ಮುಗೆ ಕೊಡು."

"ನನ್ನ ಮುಮ್ಮುನಾ? ನಂಗೆ ಮುಮ್ಮು ಇದಾಳಾ?"

"ಇದಾಳೆ. ಅಲ್ಲಿ" ಅಂದು ಹೈಡಿ ಹಿಟ್ಟಿನ ಕೈಯನ್ನು ಹಿಂದಕ್ಕೆ ಚಾಚಿದಳು. ತಿರುಗಿ ನೋಡಲು ಮಾತ್ರ ಅವಳಿಂದ ಆಗಲಿಲ್ಲ.

ಬ್ರಿಟ ಆ ಕಡೆ ಹೋದಳು. ಹೋದವಳು ಮೇಜಿನ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಳು. ಸಾಲಾಗಿ ಕೂತ ಅಷ್ಟೂ ಬಿಳಿ ತಲೆಗಳಲ್ಲಿ ಯಾವುದು ಅಂತ ಹೇಗೆ ತಿಳಿಯಬೇಕು ಪಾಪ? ಒಂದೊಂದೇ ಮುಖ ನೋಡಿದಳು. ಕೊನೆಗೆ ಗುರುತಿದ್ದ ಒಂದೇ ಮುಖದ ಹತ್ತಿರ ಹೋಗಿ, ಮೇಜಿನ ಮೇಲೆ ಬಗ್ಗಿ, ಗುಟ್ಟಿನ ದನಿಯಲ್ಲಿ ಕೇಳಿದಳು. ಗುಟ್ಟು ಏನು ಬಂತು, ನೆಲಮಾಳಿಗೆಗೆಲ್ಲ ಕೇಳಿಸಿತು.

"ಮಿಸ್ ಲೆಂಪಿ, ಇದನ್ನ ನನ್ನ ಮುಮ್ಮುಗೆ ಕೊಡ್ಬೇಕಂತೆ. ಇವರಲ್ಲಿ ನನ್ನ ಮುಮ್ಮು ಯಾರು, ನಿಮಗೆ ಗೊತ್ತಾ?"

ಲೆಂಪಿಯ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ಬಟ್ಟೆಯ ಒಳಗಿನಿಂದ ಇಣುಕುತ್ತಿದ್ದ ಅಂಚನ್ನು ನೋಡಿದಳು, ತನ್ನ ಮಗಳ ಬೆನ್ನನ್ನು ನೋಡಿದಳು.

"ನಾನೇ ಕಣೇ ಕಂದ."

ಬ್ರಿಟ ಅವಳನ್ನೇ ದಿಟ್ಟಿಸಿದಳು. ಹುಬ್ಬು ಗಂಟಿಕ್ಕಿತು, ಆರ್ವೊನ ಗದ್ದ ಮುಂದೆ ಬಂತು.

"ದಿನಾ ಸಿಗ್ತಿದ್ನಲ್ಲ ಮುಮ್ಮು, ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮಮ್ಮ ಹೇಳ್ಲಿ ಅಂತ ಕಾಯ್ತಿದ್ದೆ" ಅಂದಳು ಲೆಂಪಿ.